ಏನೂ ಘಟಿಸದವರ ಸಾಕ್ಷಿಯನ್ನೂ ಕೇಳಿಸಿಕೊಳ್ಳಿ: ಸಭೆಯ ಹಿರಿಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಭಾಪಾಲಕರಿಗೆ, ಸಭಾ ಸಮಿತಿಯ ಹಿರಿಯರಿಗೆ, ಕನ್ವೆನ್ಷನ್‌ಗಳನ್ನೂ ಉಜ್ಜೀವನ ಕೂಟಗಳನ್ನೂ ನಡೆಸುವ ಸಹೋದರ ಸಹೋದರಿಯರಿಗೆ,

ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ವಂದನೆಗಳು.

ಕೂಟದಲ್ಲಿ ಹಾಡುಗಳು ಮುಗಿದು ಪ್ರಸಂಗ ಶುರುವಾಗುವ ಮೊದಲು "ಈಗ ಒಬ್ಬ ಸಹೋದರರು ಸಾಕ್ಷಿ ಹೇಳುತ್ತಾರೆ" ಎಂದು, ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಹೇಳಲು ಯಾರನ್ನೋ ಮೈಕಿನ ಮುಂದೆ ಕರೆಯುತ್ತೀರಲ್ಲ, ಆ ಕರೆಯ ಬಗ್ಗೆ ಈ ಪತ್ರ. ಕುಡಿತ ಬಿಟ್ಟವರನ್ನು ಕರೆಯುತ್ತೀರಿ. ವೈದ್ಯರು ಕೈಬಿಟ್ಟ ಮೇಲೂ ಬದುಕಿದವರನ್ನು, ಜೈಲಿನಿಂದ ಹೊಸ ಮನುಷ್ಯರಾಗಿ ಹೊರಬಂದವರನ್ನು, ಬದುಕೇ ಬೇಡವೆನಿಸಿದ ರಾತ್ರಿಯಲ್ಲಿ ಸತ್ಯವೇದದ ಒಂದು ವಾಕ್ಯ ಕಣ್ಣಿಗೆ ಬಿದ್ದು ಉಳಿದುಕೊಂಡವರನ್ನು ಕರೆಯುತ್ತೀರಿ. ಕರೆಯಲೇಬೇಕು. ಅವರ ಮಾತು ಕೇಳುವಾಗ ನನ್ನ ಕಣ್ಣೂ ತುಂಬಿದೆ, ಬಾಯಲ್ಲಿ ತಾನಾಗಿಯೇ ಸ್ತೋತ್ರ ಬಂದಿದೆ. ಅವರ ಸಮಯದಲ್ಲಿ ಒಂದು ನಿಮಿಷವನ್ನೂ ಕಡಿಮೆ ಮಾಡಿ ಎಂದು ನಾನು ಕೇಳುವುದಿಲ್ಲ.

ನಾನು ಕೇಳುತ್ತಿರುವುದು ಬೆಂಚುಗಳಲ್ಲಿ ಕುಳಿತ ಉಳಿದವರಿಗಾಗಿ. ಕೂಸಾಗಿದ್ದಾಗಲೇ ದೀಕ್ಷಾಸ್ನಾನವಾದವರು, ತಾಯಿಯ ಮಡಿಲಲ್ಲಿ ಪ್ರಾರ್ಥನೆ ಕಲಿತವರು, ಬೆಳೆದ ಮೇಲೆ ತಮ್ಮ ನಂಬಿಕೆಯನ್ನು ತಾವೇ ಸಭೆಯ ಮುಂದೆ ಒಪ್ಪಿ ದೃಢೀಕರಣವಾಗಿ, ಮದುವೆಯಾಗಿ, ಅದೇ ಸಭೆಯಲ್ಲಿ ಕೂದಲು ನರೆಸಿಕೊಂಡವರು. ಮನೆ ಬಿಟ್ಟು ಓಡಿಹೋಗಲಿಲ್ಲ, ದರ್ಶನ ಕಾಣಲಿಲ್ಲ, ಸತ್ತು ಬದುಕಲಿಲ್ಲ. ಯಾವ ದಿನ ಯಾವ ಗಂಟೆಗೆ ರಕ್ಷಣೆ ಹೊಂದಿದಿರಿ ಎಂದರೆ ಉತ್ತರ ಕೊಡಲಾರರು. ನಂಬಿಕೆ ಮಾತ್ರ ಇದೆ, ಗಟ್ಟಿಯಾಗಿದೆ. ಅವರನ್ನು ಯಾರೂ ಮುಂದೆ ಕರೆದಿಲ್ಲ. ಸುಗ್ಗಿ ಹಬ್ಬದಲ್ಲಿ ಹರಾಜು ಕೂಗಲು, ಕ್ರಿಸ್ಮಸ್‌ಗೆ ದೇವಾಲಯಕ್ಕೆ ಸುಣ್ಣ ಹೊಡೆಸಲು, ಸಾವಿನ ಮನೆಯಲ್ಲಿ ಅಡುಗೆ ಮಾಡಲು ಅವರು ಬೇಕು. ಸಾಕ್ಷಿಯ ಹೊತ್ತಿಗೆ ಅವರು ಲೆಕ್ಕಕ್ಕಿಲ್ಲ.

ನಾನು ಉತ್ತರ ಕರ್ನಾಟಕದ ಒಂದು ಹಳೆಯ ಸಭೆಯ ಸಂಡೇ ಸ್ಕೂಲ್ ಶಿಕ್ಷಕಿ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಕನ್ವೆನ್ಷನ್ನಿನ ಸಿದ್ಧತೆಗೆ ಕೂಡಿದ ಸಮಿತಿಯಲ್ಲಿ ನಾನೂ ಇದ್ದೆ. ಸಾಕ್ಷಿ ಹೇಳುವವರ ಪಟ್ಟಿ ತಯಾರಾಗುತ್ತಿತ್ತು. ನಮ್ಮ ಸಭೆಯ ಒಬ್ಬ ತಾಯಿಯ ಹೆಸರನ್ನು ನಾನು ಹೇಳಿದೆ. ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ದುಡಿದು ನಿವೃತ್ತರಾದವರು. ಸಂಚಾಲಕರು ಪೆನ್ನು ಎತ್ತಿಕೊಂಡವರು ಬರೆಯಲಿಲ್ಲ. "ಆ ತಾಯಿ ಬಹಳ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಹತ್ತಿರ ಹೇಳುವಂಥದ್ದು ಏನಿದೆ, ಸಿಸ್ಟರ್?" ಎಂದರು. ಕೆಟ್ಟ ಮನಸ್ಸಿನಿಂದ ಕೇಳಿದ ಪ್ರಶ್ನೆಯಲ್ಲ ಅದು. ಸಾವಿರ ಜನ ಸೇರುವ ಪೆಂಡಾಲಿನಲ್ಲಿ ಜನರನ್ನು ಹಿಡಿದು ಕೂರಿಸುವ ಚಿಂತೆ ಅವರದು. ಹಾಗಿದ್ದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಬ್ಬ ಹೆಂಗಸು ಜೀವಮಾನವಿಡೀ ಕ್ರಿಸ್ತನನ್ನು ಹಿಡಿದುಕೊಂಡು ಬಾಳಿದ್ದರಲ್ಲಿ ಹೇಳುವಂಥದ್ದು ಏನೂ ಇಲ್ಲವೆಂದಾದರೆ, ನಾವು ಪ್ರತಿ ಭಾನುವಾರ ಮಕ್ಕಳನ್ನು ಯಾವುದಕ್ಕೆ ತಯಾರು ಮಾಡುತ್ತಿದ್ದೇವೆ?

ಮಕ್ಕಳು ನಮಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ದೃಢೀಕರಣಕ್ಕೆ ತಯಾರಾಗುತ್ತಿದ್ದ ಹುಡುಗನೊಬ್ಬ ತರಗತಿ ಮುಗಿದ ಮೇಲೆ ಹಿಂದೆ ಉಳಿದು, "ಟೀಚರ್, ನನಗೆ ಸಾಕ್ಷಿಯೇ ಇಲ್ಲ" ಎಂದ. ಅವನ ಮುಖದಲ್ಲಿ ನಾಚಿಕೆ ಇತ್ತು, ಶಾಲೆಗೆ ಫೀಸು ಕಟ್ಟಲಾಗದ ಮಗುವಿನ ಮುಖದಲ್ಲಿ ಇರುವಂಥದ್ದು. ಪಕ್ಕದ ಮನೆಯ ಅಜ್ಜಿಗೆ ದಿನವೂ ನೀರು ತಂದುಕೊಡುವ ಹುಡುಗ, ಪರೀಕ್ಷೆಯಲ್ಲಿ ನಕಲು ಮಾಡಲು ಚೀಟಿ ಕೈಗೆ ಬಂದಾಗ ಅದನ್ನು ಹಿಂದಕ್ಕೆ ಕೊಟ್ಟ ಹುಡುಗ. "ಯಾಕೆ ಕೊಟ್ಟೆ?" ಎಂದು ಕೇಳಿದರೆ "ಯೇಸು ನೋಡುತ್ತಿದ್ದರು ಅನ್ನಿಸಿತು, ಟೀಚರ್" ಎಂದಿದ್ದ. ಅದು ಸಾಕ್ಷಿಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಕೂಟಗಳಲ್ಲಿ ಕೇಳಿದ್ದ ಸಾಕ್ಷಿಗಳೆಲ್ಲ ಬೇರೆ ಬಗೆಯವು.

ಹೀಗೆ ಬರಿಗೈಯವರೆಂದು ತಮ್ಮನ್ನು ತಿಳಿದುಕೊಂಡ ಮಕ್ಕಳಲ್ಲಿ ಹಲವರು ಕಾಲೇಜಿಗೆ ಹೋದ ಮೇಲೆ ಸದ್ದಿಲ್ಲದೆ ದೂರವಾಗುತ್ತಾರೆ. ಇನ್ನು ಕೆಲವರು ಸಾಕ್ಷಿಯನ್ನು ಕಟ್ಟಿಕೊಳ್ಳುತ್ತಾರೆ. ಒಂದು ಯುವಜನ ಶಿಬಿರದ ಕೊನೆಯ ದಿನ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹದಿನೇಳರ ಹುಡುಗಿ ಮಾತಾಡಲು ನಿಂತಳು. ಅದಕ್ಕೆ ಮೊದಲು ನಾಯಕರು ಅವಳಿಗೆ, "ಹಳೆಯ ಜೀವನವನ್ನು ಸ್ವಲ್ಪ ವಿವರವಾಗಿ ಹೇಳಮ್ಮ, ಆಗಲೇ ಕೇಳುವವರಿಗೆ ಮುಟ್ಟುತ್ತದೆ" ಎಂದು ಕಿವಿಮಾತು ಹೇಳಿದ್ದರು. ಅವಳು ತಾನು ಕತ್ತಲೆಯಲ್ಲಿದ್ದೆ, ಕೆಟ್ಟ ಸಹವಾಸದಲ್ಲಿದ್ದೆ, ಮನೆ ಬಿಟ್ಟು ಹೋಗಲು ಚೀಲ ಕಟ್ಟಿಟ್ಟಿದ್ದೆ ಎಂದಳು. ಜನ ಅತ್ತರು. ಹಿಂದಿನ ಸಾಲಿನಲ್ಲಿ ಅವಳ ತಾಯಿ ಕುಳಿತಿದ್ದರು. ಕೂಟ ಮುಗಿದ ಮೇಲೆ ಆ ತಾಯಿ ಮಗಳ ಕೈ ಹಿಡಿದು, "ಇದೆಲ್ಲ ಯಾವಾಗ ಆಯಿತು, ಮಗಳೇ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಹುಡುಗಿ ತಲೆ ತಗ್ಗಿಸಿ ನಿಂತಳು. ಅವಳು ಸುಳ್ಳುಗಾತಿಯಲ್ಲ. ನಿಜವಾದದ್ದು ಸಾಲದು ಎಂದು ನಾವೇ ಅವಳಿಗೆ ಕಲಿಸಿದ್ದೆವು. ದೇವರ ಮಹಿಮೆಗಾಗಿ ಎಂದು ಹೇಳಿಸಿದ ಆ ಸುಳ್ಳನ್ನು ಅವಳು ಎಷ್ಟು ವರ್ಷ ಹೊತ್ತು ತಿರುಗಬೇಕೋ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಸತ್ಯವೇದ ಈ ವಿಷಯದಲ್ಲಿ ನಮಗಿಂತ ಎಷ್ಟು ಉದಾರವಾಗಿದೆ ನೋಡಿ. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವನ್ನು ದಯವಿಟ್ಟು ಒಂದೇ ಓಟದಲ್ಲಿ ಓದಿ. ಸೆರೆಮನೆಯ ಅಧಿಕಾರಿಯ ಪರಿವರ್ತನೆ ನಮಗೆಲ್ಲ ಗೊತ್ತು: ಮಧ್ಯರಾತ್ರಿ, ಸೆರೆಯಲ್ಲಿದ್ದ ಅಪೊಸ್ತಲ ಪೌಲನ, ಅವನ ಸಂಗಡಿಗ ಸೀಲನ ಹಾಡು, ಭೂಕಂಪ, ತಾವಾಗಿ ತೆರೆದುಕೊಂಡ ಬಾಗಿಲುಗಳು, ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಹೊರಟ ಮನುಷ್ಯ, "ರಕ್ಷಣೆ ಹೊಂದಲು ನಾನೇನು ಮಾಡಬೇಕು?" ಎಂಬ ನಡುಗುವ ಪ್ರಶ್ನೆ. ಎಷ್ಟು ಪ್ರಸಂಗಗಳಲ್ಲಿ ಕೇಳಿದ್ದೇವೆ! ಆದರೆ ಅದೇ ಫಿಲಿಪ್ಪಿಯಲ್ಲಿ, ಅದೇ ಅಧ್ಯಾಯದಲ್ಲಿ, ಅವನಿಗಿಂತ ಮೊದಲು ನಂಬಿದವಳು ಲುದ್ಯ. ಕೆನ್ನೀಲಿ ಬಟ್ಟೆಯ ವ್ಯಾಪಾರಿ, ಮೊದಲೇ ದೈವಭಕ್ತಳಾಗಿದ್ದವಳು. ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ತಿನಂದು ನದಿಯ ಬಳಿ ಹೆಂಗಸರ ಜೊತೆ ಕುಳಿತು ಪೌಲನ ಮಾತು ಕೇಳುತ್ತಿದ್ದಳು, ಕರ್ತನು ಅವಳ ಹೃದಯವನ್ನು ತೆರೆದನು. ಅಷ್ಟೇ. ನೆಲ ನಡುಗಲಿಲ್ಲ, ಯಾರೂ ಚೀರಲಿಲ್ಲ. ದೀಕ್ಷಾಸ್ನಾನವಾದ ಮೇಲೆ ಅವಳು ಹೇಳಿದ್ದು, ನಮ್ಮ ಮನೆಗೆ ಬಂದು ಇಳಿದುಕೊಳ್ಳಿ ಎಂದು. ಸೆರೆಯಿಂದ ಬಿಡುಗಡೆಯಾದ ಪೌಲ ಸೀಲರು ಹೋದದ್ದು ಅವಳ ಮನೆಗೇ; ಸಹೋದರರನ್ನು ಕಂಡು ಧೈರ್ಯ ಹೇಳಿ ಊರು ಬಿಟ್ಟದ್ದು ಅಲ್ಲಿಂದಲೇ. ಅಂದರೆ ಫಿಲಿಪ್ಪಿಯ ವಿಶ್ವಾಸಿಗಳಿಗೆ ಕೂಡಲು ಬಾಗಿಲು ತೆರೆದದ್ದು ಭೂಕಂಪ ಕಾಣದ ಹೆಂಗಸಿನ ಮನೆ.

ಅಧ್ಯಾಯದ ಆರಂಭಕ್ಕೆ ಹೋದರೆ ಮೂರನೆಯವನೂ ಸಿಗುತ್ತಾನೆ. ಪೌಲನು ಲುಸ್ತ್ರದಲ್ಲಿ ತಿಮೊಥೆಯನನ್ನು ತನ್ನ ಜೊತೆಗೆ ಕರೆದುಕೊಂಡದ್ದು ಅಲ್ಲಿಯೇ. ಈ ತಿಮೊಥೆಯನ ಪರಿವರ್ತನೆಯ ಕಥೆ ಎಲ್ಲೂ ಬರೆದಿಲ್ಲ. ಅಜ್ಜಿ ಲೋವಿ, ತಾಯಿ ಯೂನಿಕೆ, ಅವರಿಬ್ಬರಲ್ಲಿ ನೆಲೆಸಿದ್ದ ನಂಬಿಕೆಯೇ ನಿನ್ನಲ್ಲೂ ನೆಲೆಸಿದೆ ಎಂದು ಪೌಲನು ಅವನಿಗೆ ಬರೆಯುತ್ತಾನೆ. ಚಿಕ್ಕಂದಿನಿಂದಲೂ ಪವಿತ್ರ ಗ್ರಂಥಗಳನ್ನು ಬಲ್ಲವನು ನೀನು ಎನ್ನುತ್ತಾನೆ. ದಮಸ್ಕದ ದಾರಿಯಲ್ಲಿ ಬೆಳಕು ಕಂಡು ನೆಲಕ್ಕೆ ಬಿದ್ದು ಕ್ರಿಸ್ತನನ್ನು ನಂಬಿದ ಪೌಲನೇ, ತನ್ನ ಕೆಲಸವನ್ನು ಒಪ್ಪಿಸಲು ಆರಿಸಿಕೊಂಡದ್ದು ಅಜ್ಜಿಯ ಬಳಿ ಪ್ರಾರ್ಥನೆ ಕಲಿತ ಹುಡುಗನನ್ನು. ಅವನಿಗೆ ಸಾಕ್ಷಿ ಇಲ್ಲವೆಂದು ಪೌಲನಿಗೆ ಅನ್ನಿಸಲಿಲ್ಲ. ತಿಮೊಥೆಯನ ಬಗ್ಗೆ ಊರಿನ ಸಹೋದರರು ಒಳ್ಳೆಯ ಮಾತು ಹೇಳುತ್ತಿದ್ದರು ಎಂಬುದೇ ಸಾಕಾಯಿತು.

ತಿಮೊಥೆಯನ ವಿಷಯದಲ್ಲೇ ಇನ್ನೊಂದು ಮಾತು ಹೇಳಬೇಕು, ಏಕೆಂದರೆ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಅದು. ಎಫೆಸದಲ್ಲಿ ಪೌಲನ ಮೈ ಮುಟ್ಟಿದ ಕೈವಸ್ತ್ರಗಳನ್ನು ಒಯ್ದು ರೋಗಿಗಳ ಮೇಲೆ ಹಾಕಿದರೂ ವಾಸಿಯಾಗುತ್ತಿತ್ತು. ಅದೇ ಪೌಲನು ತನ್ನ ಪ್ರೀತಿಯ ತಿಮೊಥೆಯನಿಗೆ ಬರೆಯುವಾಗ, ನಿನ್ನ ಹೊಟ್ಟೆಯ ತೊಂದರೆಗೂ ಪದೇ ಪದೇ ಬರುವ ಕಾಯಿಲೆಗಳಿಗೂ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎನ್ನುತ್ತಾನೆ. ತ್ರೊಫಿಮನು ಅಸ್ವಸ್ಥನಾಗಿದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ ಎಂದೂ ತಿಳಿಸುತ್ತಾನೆ. ತನ್ನ ಶರೀರದಲ್ಲಿ ನಾಟಿದ್ದ ಶೂಲಕ್ಕಾಗಿ ತಾನೇ ಮೂರು ಸಲ ಬೇಡಿಕೊಂಡು, ಅದು ಹೋಗದೆ, "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಪಡೆದವನು ಅವನು. ಇದನ್ನೆಲ್ಲ ಅವನು ಮುಚ್ಚಿಡಲಿಲ್ಲ. ಪತ್ರದಲ್ಲಿ ಬರೆದ, ಸಭೆಗಳು ಅದನ್ನು ಓದಿದವು.

ನಮ್ಮ ಕೂಟಗಳಲ್ಲಿ ಮಾತ್ರ ವಾಸಿಯಾದವರೇ ಮಾತಾಡುತ್ತಾರೆ. ವಾಸಿಯಾಗದವರು ಕೆಳಗೆ ಕುಳಿತು ಕೇಳುತ್ತಾರೆ. ಮಗಳಿಗೆ ಮೂರ್ಛೆ ರೋಗವಿರುವ ತಾಯಿಯನ್ನು ಎಣಿಸಿಕೊಳ್ಳಿ. ಉಪವಾಸ ಮಾಡಿದ್ದಾರೆ, ಎಣ್ಣೆ ಹಚ್ಚಿಸಿದ್ದಾರೆ, ರಾತ್ರಿಯ ಪ್ರಾರ್ಥನೆಗಳಿಗೆ ಹೋಗಿದ್ದಾರೆ, ಮಾತ್ರೆಯನ್ನೂ ತಪ್ಪಿಸದೆ ಕೊಟ್ಟಿದ್ದಾರೆ. ಮೂರ್ಛೆ ನಿಂತಿಲ್ಲ. ವೇದಿಕೆಯ ಮೇಲೆ ಒಬ್ಬರಾದ ಮೇಲೆ ಒಬ್ಬರು "ನಂಬಿಕೆಯಿಂದ ಕೇಳಿದೆ, ಸಿಕ್ಕಿತು" ಎನ್ನುವಾಗ ಆ ತಾಯಿ ಮನಸ್ಸಿನಲ್ಲಿ ಯಾವ ಲೆಕ್ಕ ಹಾಕುತ್ತಾರೆ? ತನ್ನ ನಂಬಿಕೆಯಲ್ಲಿ ಕೊರತೆ ಇದೆ ಎಂದೇ ಅಲ್ಲವೇ? ಮಗಳ ಕಾಯಿಲೆಯ ಜೊತೆಗೆ ಈ ಅಪರಾಧದ ಭಾರವನ್ನೂ ಹೊರಿಸಿ ಮನೆಗೆ ಕಳುಹಿಸುತ್ತೇವೆ. ಒಮ್ಮೆಯಾದರೂ ಆ ವೇದಿಕೆಯಲ್ಲಿ ಇನ್ನೊಬ್ಬ ತಾಯಿ ನಿಂತು, "ನನ್ನ ಮಗನಿಗಾಗಿ ಪ್ರಾರ್ಥಿಸಿದೆ, ಅವನು ಉಳಿಯಲಿಲ್ಲ. ಆ ಮೇಲೂ ನಾನು ಪ್ರಾರ್ಥನೆ ಬಿಟ್ಟಿಲ್ಲ. ಕೆಲವು ದಿನ ಬಾಯಿಂದ ಮಾತು ಹೊರಡುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದೆ" ಎಂದಿದ್ದರೆ? ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯ ಸಿಂಹಗಳ ಬಾಯಿ ಕಟ್ಟಿದವರನ್ನು ನೆನೆದು ಅಲ್ಲಿಗೇ ನಿಲ್ಲುವುದಿಲ್ಲ. ವಾಗ್ದಾನದ ಫಲ ಕೈಗೆ ಸಿಗದೆ ಸತ್ತವರನ್ನೂ ಅದೇ ಪಟ್ಟಿಯಲ್ಲಿ ಸೇರಿಸುತ್ತದೆ. ನಮ್ಮ ಪಟ್ಟಿಗಳು ಮಾತ್ರ ಅರ್ಧಕ್ಕೇ ನಿಲ್ಲುತ್ತವೆ.

ಈಗ ಆ ಆಯಾ ತಾಯಿಯ ವಿಷಯಕ್ಕೆ ಬರುತ್ತೇನೆ. ಕನ್ವೆನ್ಷನ್ನಿನಲ್ಲಿ ಅವರಿಗೆ ಸ್ಥಳ ಸಿಗಲಿಲ್ಲ. ಮುಂದೆ ನಮ್ಮ ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ, ಅವರದೇ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದಾಗ ಮಾತು ಬಂತು. ಅವರ ಅನುಮತಿ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಗಂಡನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಕಾಲದಲ್ಲಿ, ಪಾಲಿಗೆ ಬರಬೇಕಿದ್ದ ಮನೆಯನ್ನು ಮೈದುನ ತನ್ನ ಹೆಸರಿಗೆ ಮಾಡಿಸಿಕೊಂಡನಂತೆ. ಬಾಡಿಗೆಯ ಒಂದು ಕೋಣೆಗೆ ಬಂದರು. ರಾತ್ರಿಪಾಳಿ ಮುಗಿಸಿ ಬಂದು, ಗಂಡನನ್ನು ತೊಳೆದು, ಗಂಜಿ ಕುಡಿಸಿ, ಆಮೇಲೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವುದು ರೂಢಿ. ಅವರಿಗೆ ಓದು ಅಷ್ಟಾಗಿ ಬಾರದು, ಬಾಯಿಪಾಠವೇ ಗತಿ. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಎಂಬಲ್ಲಿಗೆ ಬಂದಾಗ ನಾಲಿಗೆ ಏಳುತ್ತಿರಲಿಲ್ಲ. "ದೇವರ ಮುಂದೆ ಸುಳ್ಳು ಹೇಗೆ ಹೇಳುವುದು? ಅದಕ್ಕೇ ಆ ಸಾಲು ಬಿಟ್ಟು ಮುಂದಕ್ಕೆ ಹೋಗುತ್ತಿದ್ದೆ" ಎಂದರು. ಗಂಡ ಮಾತಾಡಲಾರದವರಾಗಿದ್ದರು, ಆದರೆ ಕೇಳಿಸಿಕೊಳ್ಳುತ್ತಿದ್ದರು. ಹೆಂಡತಿ ಸಾಲು ಬಿಟ್ಟಾಗಲೆಲ್ಲ ಅವರ ಕಣ್ಣು ಇವರ ಮೇಲೆ ತಿರುಗುತ್ತಿತ್ತು. ಹಾಗೆಯೇ ವರ್ಷಗಳು ಹೋದವು. ಭಾನುವಾರ ದೇವಾಲಯದಲ್ಲಿ ಎಲ್ಲರೂ ಒಟ್ಟಿಗೆ ಹೇಳುವಾಗಲೂ ಇವರು ಆ ಒಂದು ಸಾಲಿಗೆ ಬಾಯಿ ಮುಚ್ಚುತ್ತಿದ್ದರು. ಪಕ್ಕದಲ್ಲಿ ನಿಂತ ನಮಗೆ ಯಾರಿಗೂ ತಿಳಿದಿರಲಿಲ್ಲ.

"ಆಮೇಲೆ ಏನಾಯಿತು?" ಎಂದು ಒಬ್ಬರು ಕೇಳಿದರು. "ಏನೂ ಆಗಲಿಲ್ಲ, ಅಕ್ಕ. ಒಂದು ದಿನ ಆ ಸಾಲು ಬಂತು. ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಅವರು ಕಣ್ಣು ಮುಚ್ಚಿ ಮಲಗಿದರು." ಗಂಡ ಎದ್ದು ನಡೆಯಲಿಲ್ಲ, ಎರಡು ವರ್ಷದ ಮೇಲೆ ತೀರಿಕೊಂಡರು. ಮೈದುನ ಇಂದಿಗೂ ಆ ಮನೆಯಲ್ಲೇ ಇದ್ದಾನೆ, ತಪ್ಪಾಯಿತು ಎಂದೂ ಹೇಳಿಲ್ಲ. ಕ್ರಿಸ್ಮಸ್‌ಗೆ ಇವರು ಕರ್ಜಿಕಾಯಿ ಮಾಡಿದಾಗ ಒಂದು ಡಬ್ಬಿ ಅವನ ಮನೆಗೂ ಹೋಗುತ್ತದೆ. "ಡಬ್ಬಿ ಮಾತ್ರ ವಾಪಸ್ ಬರುವುದಿಲ್ಲ, ಪ್ರತಿ ವರ್ಷ ಹೊಸದು ತರಬೇಕು" ಎಂದು ಹೇಳಿ ಚಹಾ ತರಲು ಎದ್ದರು.

ಅವತ್ತು ಆ ಪಡಸಾಲೆಯಲ್ಲಿ ಯಾರೂ ಹಾಡಿಗಾಗಿ ಪುಸ್ತಕ ತೆರೆಯಲಿಲ್ಲ. ನನ್ನ ಪಕ್ಕದಲ್ಲಿದ್ದವರು ತಮ್ಮ ಅತ್ತಿಗೆಯೊಂದಿಗೆ ಮಾತು ಬಿಟ್ಟು ಬಹಳ ಕಾಲವಾಗಿತ್ತು; ಮುಂದಿನ ವಾರವೇ ಅವರ ಮನೆಗೆ ಹೋಗಿ ಬಂದರು. ಇಬ್ಬರೂ ಜಗಳದ ವಿಷಯ ಎತ್ತಲಿಲ್ಲವಂತೆ, ಊಟ ಮಾಡಿ ಎದ್ದರಂತೆ. ಯಾವ ಪ್ರಸಂಗವೂ ಅವರಿಂದ ಅದನ್ನು ಮಾಡಿಸಿರಲಿಲ್ಲ.

ಹೇಳುವಂಥದ್ದು ಏನಿದೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ. ಇಂಥ ಸಾಕ್ಷಿಯ ಬೆಲೆ ಅದನ್ನು ಕೇಳಿದವರು ಮನೆಗೆ ಹೋಗಿ ತಾವೂ ಮಾಡಬಹುದು ಎಂಬುದರಲ್ಲಿದೆ. ಕ್ಯಾನ್ಸರ್ ವಾಸಿಯಾದವರ ಸಾಕ್ಷಿ ಕೇಳಿ ನಾನು ದೇವರ ಶಕ್ತಿಗೆ ಬೆರಗಾಗುತ್ತೇನೆ, ಆರಾಧಿಸುತ್ತೇನೆ. ಮೈದುನನನ್ನು ಕ್ಷಮಿಸಿದವರ ಸಾಕ್ಷಿ ಕೇಳಿದರೆ ನನಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ನನಗೂ ಮೈದುನರಿದ್ದಾರೆ, ನನಗೂ ಆ ಸಾಲು ಬಾಯಿಪಾಠವಿದೆ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. 1834ರಲ್ಲಿ ಮಂಗಳೂರಿಗೆ ಬಂದಿಳಿದು, ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಸಭೆ ಕಟ್ಟಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಬೋಧಕರಲ್ಲಿ ಹೆಚ್ಚಿನವರು ಜರ್ಮನಿಯ ಹಳ್ಳಿಗಳ ರೈತರ, ಕುಶಲಕರ್ಮಿಗಳ ಮಕ್ಕಳು. ಬಾಸೆಲ್ಲಿನ ಸೆಮಿನರಿಗೆ ಸೇರಬೇಕಾದರೆ ಅವರು ತಮ್ಮ ಜೀವನ ವೃತ್ತಾಂತವನ್ನು ಬರೆದು ಕಳುಹಿಸಬೇಕಿತ್ತು: ಹುಟ್ಟು, ಮನೆ, ಕಸುಬು, ನಂಬಿಕೆ ಬೆಳೆದ ಬಗೆ. ನಂಬಿಕೆಯ ರೀತಿಯಲ್ಲಿ ಅವರಿಗೆ ಹತ್ತಿರವಾಗಿದ್ದ, ಜರ್ಮನಿಯ ಹೆರ್ನ್‌ಹೂಟಿನ ಮೊರಾವಿಯನ್ ಸಭೆಯಲ್ಲಿ 18ನೆಯ ಶತಮಾನದಿಂದಲೇ ಇನ್ನೂ ಒಳ್ಳೆಯ ರೂಢಿಯಿತ್ತು. ಸಭೆಯ ಸದಸ್ಯರು ತಮ್ಮ ಬದುಕಿನ ಕಥೆಯನ್ನು ಬರೆದಿಡುತ್ತಿದ್ದರು; ಬರೆಯಲಾರದವರದನ್ನು ಬೇರೆಯವರು ಬರೆದುಕೊಳ್ಳುತ್ತಿದ್ದರು; ತೀರಿಕೊಂಡ ಮೇಲೆ ಶವಸಂಸ್ಕಾರದ ಹೊತ್ತಿನಲ್ಲಿ ಅದನ್ನು ಸಭೆಯ ಮುಂದೆ ಓದುತ್ತಿದ್ದರು. ಬಡಗಿಗಳು, ಮನೆಗೆಲಸದ ಹೆಂಗಸರು, ವಿಧವೆಯರು, ಗುಲಾಮರಾಗಿ ಮಾರಾಟವಾಗಿದ್ದ ಆಫ್ರಿಕನ್ನರು, ಎಲ್ಲರ ವೃತ್ತಾಂತಗಳೂ ಅವರ ಸಂಗ್ರಹಗಳಲ್ಲಿ ಇಂದಿಗೂ ಇವೆ, ಸಾವಿರಾರು ಸಂಖ್ಯೆಯಲ್ಲಿ. ಯಾರ ಬದುಕೂ ಓದಲು ತಕ್ಕದ್ದಲ್ಲ ಎಂದು ಆ ಸಭೆ ಭಾವಿಸಲಿಲ್ಲ.

ನಮ್ಮಲ್ಲಿ ಏನಾಯಿತು ನೋಡಿ. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ಪಡೆದದ್ದು, ಬಾಸೆಲ್‌ಗೆ ಹೋಗಿ ಓದಿ ಬೋಧಕರಾದದ್ದು ನಮ್ಮ ಚರಿತ್ರೆಯಲ್ಲಿ ದಾಖಲಾಗಿದೆ, ಆಗಬೇಕಾದದ್ದೇ. ಆದರೆ 1865ರಲ್ಲಿ ಶುರುವಾದ, ಮಂಗಳೂರಿನ ಮಿಷನ್ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದು, ನೇಯ್ಗೆಯ ಮಗ್ಗಗಳಲ್ಲಿ ಕುಳಿತು, ಭಾನುವಾರ ತಪ್ಪದೆ ದೇವಾಲಯಕ್ಕೆ ಬಂದು, ಮಕ್ಕಳಿಗೆ ಪ್ರಾರ್ಥನೆ ಕಲಿಸಿದ ಸಾವಿರಾರು ಜನ ಏನು ನಂಬಿದ್ದರು, ಯಾವ ಕಷ್ಟದಲ್ಲಿ ಯಾವ ವಾಕ್ಯ ಹಿಡಿದುಕೊಂಡಿದ್ದರು ಎಂಬುದನ್ನು ಯಾರು ಬರೆದುಕೊಂಡರು? ನಾವೆಲ್ಲ ಅವರ ಮೊಮ್ಮಕ್ಕಳು, ಮರಿಮಕ್ಕಳು. ನನ್ನ ಮುತ್ತಜ್ಜಿಯ ಹೆಸರು ದೀಕ್ಷಾಸ್ನಾನದ ದಾಖಲೆಯಲ್ಲಿದೆ. ಅವಳ ಮಾತು ಒಂದೂ ಉಳಿದಿಲ್ಲ.

ಮೈಸೂರು, ತುಮಕೂರು, ಹಾಸನದ ಕಡೆಯ ವೆಸ್ಲಿಯನ್ ಪರಂಪರೆಯ ಸಭೆಗಳವರು ಒಂದು ಮಾತು ಹೇಳಬಹುದು: ನಮ್ಮ ಪರಂಪರೆಯನ್ನು ಶುರು ಮಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಗೆ ದಿನ, ಗಂಟೆ ಎರಡೂ ಗೊತ್ತಿತ್ತಲ್ಲ ಎಂದು. ನಿಜ. 1738ರ ಮೇ 24ರ ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ತನ್ನ ಹೃದಯ ಬೆಚ್ಚಗಾಯಿತು ಎಂದು ಅವರು ಬರೆದಿಟ್ಟಿದ್ದಾರೆ. ಮೊದಮೊದಲು ಅವರೂ ಅವರ ಸಂಗಡಿಗರೂ ತನಗೆ ರಕ್ಷಣೆ ಸಿಕ್ಕಿದೆ ಎಂಬ ಅಂಥ ನಿಶ್ಚಯ ಇಲ್ಲದವರ ಬಗ್ಗೆ ಬಹಳ ಕಠಿಣವಾಗಿ ಮಾತಾಡುತ್ತಿದ್ದರು. ಆದರೆ ಸುಮಾರು 50 ವರ್ಷಗಳ ನಂತರ, 1788ರಲ್ಲಿ, ಮುದುಕರಾದ ವೆಸ್ಲಿ ತಮ್ಮ ಪ್ರಸಂಗವೊಂದರಲ್ಲಿ, ದೇವರ ಮಗನಿಗೂ ದೇವರ ಸೇವಕನಿಗೂ ಇರುವ ವ್ಯತ್ಯಾಸ ನಮಗೆ ಆಗ ಸರಿಯಾಗಿ ತಿಳಿದಿರಲಿಲ್ಲ, ಆ ನಿಶ್ಚಯ ಇನ್ನೂ ಸಿಗದೆ ದೇವರಿಗೆ ಭಯಪಟ್ಟು ನಡೆಯುವ ಸೇವಕನನ್ನೂ ದೇವರು ಅಂಗೀಕರಿಸಿದ್ದಾನೆ ಎಂಬರ್ಥದ ಮಾತು ಹೇಳಿದರು. ಅಂಥ ಅನುಭವ ಪಡೆದವರೇ ಅದನ್ನು ಎಲ್ಲರಿಗೂ ಅಳತೆಗೋಲು ಮಾಡಬಾರದೆಂದು ಕಂಡುಕೊಂಡರು. 1992ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ, ವಯಸ್ಕರಾಗಿ ನಂಬಿಕೆಗೆ ಬಂದವರನ್ನು ಕೇಳಿದಾಗ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ತಮ್ಮದು ನಿಧಾನವಾಗಿ ಆದ ಬದಲಾವಣೆ ಎಂದರು. ಹೊಸದಾಗಿ ಬಂದವರಲ್ಲೇ ಹೀಗಾದರೆ, ತೊಟ್ಟಿಲಿನಿಂದ ಸಭೆಯಲ್ಲಿ ಬೆಳೆದವರ ವಿಷಯ ಹೇಳಬೇಕೇ?

ಹೊಸದಾಗಿ ಬಂದವರ ಮಾತು ಬಂತು, ಅವರಿಗೂ ನಾವು ನ್ಯಾಯ ಮಾಡುತ್ತಿಲ್ಲ. ಬೇರೆ ಧರ್ಮದ ಮನೆತನದಿಂದ ಬಂದು ಕ್ರಿಸ್ತನನ್ನು ನಂಬಿದ ಒಬ್ಬ ಸಹೋದರರನ್ನು ನಾನು ಬಲ್ಲೆ. ಅವರನ್ನು ಕರೆದಲ್ಲೆಲ್ಲ ಮೊದಲ ವರ್ಷದ ಕಥೆಯನ್ನೇ ಹೇಳಿಸುತ್ತಾರೆ. ಆಮೇಲಿನ ವರ್ಷಗಳಲ್ಲಿ ಅವರು ಮಕ್ಕಳನ್ನು ಸಾಕಿದ್ದು, ಕೆಲಸ ಕಳೆದುಕೊಂಡದ್ದು, ಸಭೆಯವರ ಚುಚ್ಚುಮಾತನ್ನು ಹೊಟ್ಟೆಗೆ ಹಾಕಿಕೊಂಡದ್ದು ಯಾರಿಗೂ ಬೇಡ. ದಮಸ್ಕದ ನಂತರ ಪೌಲನು ಅರಬಸ್ಥಾನಕ್ಕೆ ಹೋದನು, ಯೆರೂಸಲೇಮಿಗೆ ಬರಲು ಮೂರು ವರ್ಷವಾಯಿತು. ಅರಬಸ್ಥಾನದಲ್ಲಿ ಕಳೆದ ಕಾಲದ ಕಥೆಯನ್ನು ಅವನು ಎಲ್ಲೂ ಬರೆದಿಲ್ಲ. ಈ ಸಹೋದರರಿಗೂ ನಮ್ಮಂತೆ ಒಬ್ಬ ಮಾಮೂಲಿ ಸದಸ್ಯರಾಗಿ ಇರುವ ಹಕ್ಕಿದೆ.

ನಿಮ್ಮ ಆಕ್ಷೇಪ ನನಗೆ ಗೊತ್ತು. ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ನಂಬಿಕೆ ಬರುವುದಿಲ್ಲ, ಹೆಸರಿಗೆ ಮಾತ್ರ ಕ್ರೈಸ್ತರಾದವರಿಗೆ ಇದು ತಪ್ಪಿಸಿಕೊಳ್ಳುವ ಕಂಡಿಯಾಗುತ್ತದೆ ಎನ್ನುತ್ತೀರಿ. ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೆಸರಿಗೆ ಮಾತ್ರ ಕ್ರೈಸ್ತರಾದವರು ಹುಟ್ಟುವುದು ನಾವು ಕೇಳದೆ ಇರುವುದರಿಂದ. ಹುಟ್ಟಿನಿಂದ ಸದಸ್ಯರಾದವರನ್ನು ಜೀವನದಲ್ಲಿ ಒಮ್ಮೆಯಾದರೂ ನಿಲ್ಲಿಸಿ, "ನೀವು ನಂಬುವುದೇನು? ಅದು ನಿಮ್ಮ ಅಂಗಡಿಯಲ್ಲಿ, ಅಡುಗೆಮನೆಯಲ್ಲಿ, ಅಣ್ಣತಮ್ಮಂದಿರ ಪಾಲಿನ ವಿಷಯದಲ್ಲಿ ಏನು ಮಾಡಿದೆ?" ಎಂದು ಕೇಳಿ ನೋಡಿ. ಉತ್ತರವಿದ್ದವರು ಗಟ್ಟಿಯಾಗುತ್ತಾರೆ. ಇಲ್ಲದವರು ಆ ರಾತ್ರಿ ನಿದ್ದೆ ಮಾಡಲಾರರು, ಅದೂ ಒಳ್ಳೆಯದೇ.

ಬೇಸರ ತರಿಸುತ್ತದೆ ಎಂಬುದು ಇನ್ನೊಂದು ಮಾತು. "ಇದುವರೆಗೂ ದೇವರು ನನ್ನನ್ನು ಕಾಪಾಡಿದ್ದಾರೆ, ಆತನಿಗೆ ಸ್ತೋತ್ರ" ಎಂದು ಹೇಳಿ ಕುಳಿತುಬಿಟ್ಟರೆ ಕೇಳುವವರಿಗೆ ಏನೂ ಸಿಗುವುದಿಲ್ಲ, ಒಪ್ಪುತ್ತೇನೆ. ಯಾವುದರಿಂದ ಕಾಪಾಡಿದರು, ಆಗ ಯಾರು ಜೊತೆಗಿದ್ದರು, ಯಾವ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ ಎಂದು ಮೆಲ್ಲಗೆ ಕೇಳುವವರು ಬೇಕು. ಆ ಕೆಲಸ ಸಭಾಪಾಲಕರದು, ನಮ್ಮಂಥ ಶಿಕ್ಷಕರದು.

ಸ್ಮುರ್ನದ ಮುದಿ ಬಿಷಪ್ ಪೊಲಿಕಾರ್ಪನನ್ನು 2ನೆಯ ಶತಮಾನದಲ್ಲಿ ರೋಮನ್ ಅಧಿಕಾರಿಯ ಮುಂದೆ ನಿಲ್ಲಿಸಿ, ಕ್ರಿಸ್ತನನ್ನು ನಿಂದಿಸು, ಬಿಟ್ಟುಬಿಡುತ್ತೇನೆ ಎಂದಾಗ ಅವನು ಹೇಳಿದ್ದು ನಿಮಗೆಲ್ಲ ತಿಳಿದಿದೆ. 86 ವರ್ಷ ಆತನ ಸೇವೆ ಮಾಡಿದ್ದೇನೆ, ಆತನು ನನಗೆ ಯಾವ ಕೇಡನ್ನೂ ಮಾಡಿಲ್ಲ. ನನ್ನನ್ನು ರಕ್ಷಿಸಿದ ಅರಸನನ್ನು ಹೇಗೆ ದೂಷಿಸಲಿ? ದರ್ಶನದ ಮಾತಿಲ್ಲ, ಪರಿವರ್ತನೆಯ ದಿನಾಂಕವಿಲ್ಲ. ಅಷ್ಟು ಉದ್ದದ ಒಡನಾಟವೊಂದೇ ಅವನ ಸಾಕ್ಷಿ. ಅಂಥ ಒಡನಾಟವುಳ್ಳವರು ನಿಮ್ಮ ಸಭೆಯ ಮೂರನೆಯ ಬೆಂಚಿನಲ್ಲಿ, ಕಂಬದ ಪಕ್ಕದಲ್ಲಿ ಇದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ತಿಂಗಳಿಗೆ ಒಂದು ಭಾನುವಾರ, ಪ್ರಸಂಗಕ್ಕೆ ಮೊದಲು ಐದು ನಿಮಿಷವನ್ನು ಇಂಥ ಒಬ್ಬರಿಗೆ ಕೊಡಿ. ಪ್ರಾರ್ಥನೆಗೆ ಉತ್ತರ ಸಿಕ್ಕವರಿಗೂ ಕೊಡಿ, ಸಿಗದವರಿಗೂ ಕೊಡಿ. ಯಾರ ಮಾತಿಗೂ ಉಪ್ಪುಖಾರ ಹಚ್ಚಿಸಬೇಡಿ. ಹದಿಹರೆಯದ ಮಕ್ಕಳಿಂದ ಇಲ್ಲದ ಪಾಪವನ್ನು ಹೇಳಿಸಬೇಡಿ. ಮೈಕಿನ ಮುಂದೆ ನಿಲ್ಲಲಾರದವರ ಮನೆಗೆ ಹೋಗಿ ಕೇಳಿಸಿಕೊಳ್ಳಿ, ಅವರು ಒಪ್ಪಿದರೆ ಬರೆದುಕೊಳ್ಳಿ, ಒಪ್ಪದಿದ್ದರೆ ಒತ್ತಾಯ ಬೇಡ. ಬರೆದುಕೊಂಡದ್ದನ್ನು ದೀಕ್ಷಾಸ್ನಾನ, ಮದುವೆ, ಸಾವಿನ ದಾಖಲೆ ಪುಸ್ತಕಗಳಿರುವ ಅದೇ ಕಪಾಟಿನಲ್ಲಿ ಇಡಿ. ನಮ್ಮ ಸಭೆಯಲ್ಲಿ ಎಂಬತ್ತು ದಾಟಿದವರ ಹೆಸರುಗಳನ್ನು ನಾನು ಈಗಾಗಲೇ ಪಟ್ಟಿ ಮಾಡಿದ್ದೇನೆ. ಸಂಡೇ ಸ್ಕೂಲಿನ ದೊಡ್ಡ ಮಕ್ಕಳು ಬರೆದುಕೊಳ್ಳಲು ಸಿದ್ಧರಿದ್ದಾರೆ. ತನಗೆ ಸಾಕ್ಷಿಯಿಲ್ಲ ಎಂದಿದ್ದ ಹುಡುಗ ಮೊದಲು ಹೆಸರು ಕೊಟ್ಟಿದ್ದಾನೆ. ಮುಂದಿನ ಸಭಾ ಸಮಿತಿಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು ಒಪ್ಪಿಗೆ ಕೊಟ್ಟರೆ, ಮಳೆಗಾಲಕ್ಕೆ ಮೊದಲು ನಾವು ಮನೆಗಳಿಗೆ ಹೋಗಲು ಶುರು ಮಾಡುತ್ತೇವೆ.

ಕರ್ತನ ಸೇವೆಯಲ್ಲಿ,
ನಿಮ್ಮ ಸಹೋದರಿ,
ಒಬ್ಬ ಸಂಡೇ ಸ್ಕೂಲ್ ಶಿಕ್ಷಕಿ